ಕೊರಟಗೆರೆಗೆ ವೀಸಾ ಬೇಡ

ಆಫ್ರಿಕಾದ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಬೇಕೆಂಬ ಆಸೆ ಬಹಳ ಜನಕ್ಕಿದೆ. ಆದರೆ ಟಿಕೆಟ್ಟಿಗೆ ದುಡ್ಡು ಹೊಂದಿಸಬೇಕು, ಆಫೀಸಿನಲ್ಲಿ ರಜೆ ಸಿಗಬೇಕು, ಹಳದಿಜ್ವರದ ಸೂಜಿ ಬೇರೆ ಚುಚ್ಚಿಸಿಕೊಳ್ಳಬೇಕು. ಇಷ್ಟೆಲ್ಲ ಆಗದವರಿಗೆಂದೇ ದೇವರು ಕೊರಟಗೆರೆಯನ್ನು ಇಟ್ಟಿದ್ದಾನೆ. ಬೆಂಗಳೂರಿನಿಂದ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸಿ ತುಮಕೂರು ದಾಟಿದರೆ ಬಂದೇಬಿಟ್ಟಿತು. ಬಡತನ ಬೇಕಾದಷ್ಟಿದೆ, ಜತೆಗೆ ನೆಟ್‌ವರ್ಕೂ ಇದೆ. ಫೋಟೊ ಅಲ್ಲಿಂದಲೇ ಹಾಕಬಹುದು.

ಬೆಂಗಳೂರಿನ ಕಂಪನಿಗಳಿಂದ ಬರುವ ಸ್ವಯಂಸೇವಕರು ಊರಿಗೆ ಹೊಂದಿಕೊಳ್ಳುವ ಕೆಲಸ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತದೆ. ಶನಿವಾರ ಅರ್ಧ ದಿನದ ಶಾಲೆ. ಸ್ವಯಂಸೇವಕರು ಬರುವ ಶನಿವಾರ ಮಾತ್ರ ಸಂಜೆಯವರೆಗೂ ಉಂಟು. ಬಂದವರು ಮೊದಲು ನೆಲದ ಮೇಲೆ ಕೂರಬೇಕು. ಹೆಡ್ ಮಿಸ್ಸು ಕುರ್ಚಿ ಒರೆಸಿ ಇಟ್ಟಿದ್ದರೂ ಅದರಲ್ಲಿ ಕೂರಬಾರದು. ಆಮೇಲೆ ಮುದ್ದೆ. ಇದಕ್ಕಾಗಿ ಎಸ್‌ಡಿಎಂಸಿ ಅಧ್ಯಕ್ಷರ ಮನೆಯ ಹೆಂಗಸರು ಬೆಳಗಿನಿಂದ ಒಲೆ ಮುಂದೆ ಬೆಂದಿರುತ್ತಾರೆ. ‘ಅಗೀಬೇಡಿ ಸಾರ್, ನುಂಗಿ’ ಎಂದು ಊರೇ ಕೂಗಿದರೂ ಅಗಿದು, ಗಂಟಲಿಗೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಅದು ಹಳ್ಳಿಯವರ ಪ್ರೀತಿಗೆ ಬಂದ ನೀರೆಂದು ರಾತ್ರಿ ಬರೆಯಬೇಕು. ಕುಡಿಯುವ ನೀರು ಮಾತ್ರ ಬೆಂಗಳೂರಿನ ಬಾಟಲಿಯದು. ಅದೇ ಜಿಲ್ಲೆಯ, ಆಂಧ್ರದ ಅಂಚಿನ ಪಾವಗಡದ ಕಡೆ ಹೋದವರನ್ನು ಇದಕ್ಕಾಗಿ ಬೈಯಲಾಗದು. ಅಲ್ಲಿ ಬೋರ್‌ವೆಲ್ಲಿನ ಫ್ಲೋರೈಡು ತಲೆಮಾರುಗಳ ಹಲ್ಲನ್ನು ತಿಂದಿದೆ. ಆ ಹಲ್ಲು ಕಾಣುವಂತೆ ನಕ್ಕ ಮಗುವಿನ ಫೋಟೊಗೇ ಲೈಕು ಹೆಚ್ಚು.

ಮಕ್ಕಳು ಈಗ ಪಳಗಿದ್ದಾರೆ. ಸುತ್ತ ನಿಲ್ಲಿ ಎನ್ನುವ ಮೊದಲೇ ಸುತ್ತ ನಿಂತಿರುತ್ತಾರೆ. ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದರೆ ಒಬ್ಬ ಡಾಕ್ಟರು, ಒಬ್ಬಳು ಐಎಎಸ್ಸು, ಇನ್ನೊಬ್ಬ ಮಿಲಿಟರಿ ಎಂದು ಸರದಿಯಂತೆ ಹೇಳುತ್ತಾರೆ. ಹೋದ ಸಲ ಮೂವರೂ ಡಾಕ್ಟರೆಂದು ಹೆಡ್ ಮಿಸ್ಸಿನಿಂದ ಬೈಸಿಕೊಂಡಿದ್ದಾರೆ. ‘ಮೈ ನೇಮ್ ಈಸ್’ ಎಂಬ ಪಾಠವನ್ನು ಪ್ರತಿ ತಂಡವೂ ಹೊಸದಾಗಿ ಹೇಳಿಕೊಡುತ್ತದೆ. ಎರಡನೆಯ ವಾಕ್ಯದವರೆಗೆ ಇನ್ನೂ ಯಾವ ತಂಡವೂ ಮುಟ್ಟಿಲ್ಲ. ಪಾವಗಡದ ಗಡಿ ಹಳ್ಳಿಗಳಲ್ಲಂತೂ ಮಗುವಿಗೆ ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ, ಬಂದವರ ಬಾಯಲ್ಲಿ ಇಂಗ್ಲಿಷು. ನಡುವೆ ನಿಂತು ಮೂರನ್ನೂ ಆ ಮಗುವಿಗೆ ದಾಟಿಸುವ ಒಬ್ಬ ಮಿಸ್ಸಿದ್ದಾರೆ. ಅವರ ವಿಷಯ ಆಮೇಲೆ.

ಪಾಠದ ನಂತರ ಗೋಡೆ. ಸರ್ಕಾರಿ ಶಾಲೆಯ ಗೋಡೆಯಷ್ಟು ಸೇವೆ ಮಾಡಿಸಿಕೊಂಡ ವಸ್ತು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಒಂದು ಕಂಪನಿಯವರು ಬರೆದ ಚಿಟ್ಟೆಯ ಮೇಲೆ ಇನ್ನೊಂದು ಕಂಪನಿಯವರು ರಾಕೆಟ್ಟು ಬರೆಯುತ್ತಾರೆ, ಮೂರನೆಯವರು ರಾಕೆಟ್ಟು ಅಳಿಸಿ ಭೂಪಟ ಬಳಿಯುತ್ತಾರೆ. ಸೋರುವ ಸೂರಿನ ಗೋಜಿಗೆ ಯಾರೂ ಹೋಗುವುದಿಲ್ಲ, ಫೋಟೊದಲ್ಲಿ ಅದು ಚೆನ್ನಾಗಿ ಬೀಳುವುದಿಲ್ಲ. ಕಕ್ಕಸಿನ ನಲ್ಲಿಯೂ ಅಷ್ಟೆ.

ಹಿಂದಿನವರನ್ನು ಹೊಗಳುವ ಚಟ ನನಗಿಲ್ಲ. ಆದರೂ ಅಮೆರಿಕದ ಪೀಸ್ ಕೋರ್ ಎಂಬ ಸ್ವಯಂಸೇವಕರ ದಳ 1961ರಲ್ಲಿ ಘಾನಾಕ್ಕೆ ಕಳಿಸಿದ ಮೇಷ್ಟರುಗಳು ಎರಡು ವರ್ಷದ ಲೆಕ್ಕದಲ್ಲಿ ಹೋಗಿದ್ದರು. ಆ ದಳದವರು ಅದೇ ವರ್ಷ ಭಾರತಕ್ಕೂ ಬಂದರು, 1976ರವರೆಗೆ ಇಲ್ಲಿದ್ದರು. ನಮ್ಮವರದು ಎರಡು ದಿನ, ಅದರಲ್ಲಿ ಒಂದು ಭಾನುವಾರ. 1968ರಲ್ಲಿ ಮೆಕ್ಸಿಕೊದ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಇವಾನ್ ಇಲ್ಲಿಚ್ ಎಂಬ ಪಾದ್ರಿ ಸರಿಯಾಗಿ ಉಗಿದಿದ್ದರು. ಊರು ನೋಡುವುದಕ್ಕೆ, ಬೆಟ್ಟ ಹತ್ತುವುದಕ್ಕೆ, ಏನಾದರೂ ಕಲಿಯುವುದಕ್ಕೆ ಬನ್ನಿ, ಉದ್ಧಾರ ಮಾಡುವುದಕ್ಕೆ ಮಾತ್ರ ಬರಬೇಡಿ ಎಂಬುದು ಅದರ ಸಾರ. ಬೆಟ್ಟಕ್ಕೆ ನಮ್ಮಲ್ಲಿ ಬರವಿಲ್ಲ. ಮಧುಗಿರಿಯ ಏಕಶಿಲೆಯಿದೆ, ಸಿದ್ಧರಬೆಟ್ಟವಿದೆ, ಚನ್ನರಾಯನದುರ್ಗವಿದೆ. ಹತ್ತಿ, ಇಳಿದು, ಮನೆಗೆ ಹೋದರೆ ಯಾರಿಗೂ ತೊಂದರೆಯಿಲ್ಲ.

ಈಗ ಆ ಮಿಸ್ಸಿನ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದರ ಯಾವ ಮೂಲೆಗೆ ಹೋದರೂ ಇವರು ಸಿಗುತ್ತಾರೆ. ಬಿ.ಇಡಿ. ಆಗಿದೆ. ಪಕ್ಕದ ಹಳ್ಳಿಯಿಂದ ಸ್ಕೂಟಿಯಲ್ಲಿ ಬರುತ್ತಾರೆ. ಒಂದರಿಂದ ಮೂರರವರೆಗೆ ಒಂದೇ ಕೋಣೆಯಲ್ಲಿ ನಲಿ-ಕಲಿ ನಡೆಸುತ್ತಾರೆ. ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು ಎಂಬ ಲೆಕ್ಕಕ್ಕೂ ಇವರೇ ಕೂರುತ್ತಾರೆ. 2025ರ ದಸರೆಯಲ್ಲಿ ಕಾಯಂ ಮೇಷ್ಟರುಗಳನ್ನು ಮನೆಮನೆ ಸಮೀಕ್ಷೆಗೆ ಅಟ್ಟಿ, ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದು, ತಪ್ಪಿದ ಪಾಠವನ್ನು ಹೆಚ್ಚುವರಿ ತರಗತಿಯಲ್ಲಿ ಮುಗಿಸಿ ಎಂದಿತು ಸರ್ಕಾರ. ಮುಗಿಸಿದವರಲ್ಲಿ ಇವರೂ ಇದ್ದರು.

ಇವರ ಹುದ್ದೆ ಅತಿಥಿ ಶಿಕ್ಷಕಿ. ರಾಜ್ಯದಲ್ಲಿ ಇಂಥವರು 40,000 ದಾಟಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಇವರಿಗೆ ತಿಂಗಳಿಗೆ 7,500 ಇದ್ದದ್ದು 2022ರಲ್ಲಿ 10,000 ಆಯಿತು, 2025ರ ಬಜೆಟ್ಟಿನಲ್ಲಿ ಇನ್ನೊಂದು 2,000 ಸೇರಿತು. ಸೇರಿದ್ದು ಬಜೆಟ್ಟಿಗೆ; ಕೈಗೆ ಬರುವುದು ಬಂದಾಗ. ಶಾಲೆ ತೆರೆದ ಮೇಲೆ ಸೇರಿಸಿಕೊಂಡು ಪರೀಕ್ಷೆ ಮುಗಿಯುತ್ತಲೇ ಬಿಡಿಸುತ್ತಾರೆ. ನಡುವೆ ಕಾಯಂ ಮೇಷ್ಟರು ವರ್ಗವಾಗಿ ಬಂದರೆ ಆ ದಿನವೇ ಬಿಡಿಸುತ್ತಾರೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಜೆರಾಕ್ಸು. ಶನಿವಾರ ಬಂದವರು ಮಧ್ಯಾಹ್ನಕ್ಕೆ ಹೊಂದಿಕೊಂಡರು, ಇವರು ಅದೇ ಊರಲ್ಲಿ ವರ್ಷಗಟ್ಟಲೆ ದುಡಿದರೂ ಹಾಜರಿ ಪುಸ್ತಕಕ್ಕೆ ಹೊಸಬರೇ. ಸಂಜೆ ಸ್ವಯಂಸೇವಕರಿಗೆ ಮೈಸೂರು ಪೇಟ, ಹಾರ, ಪ್ರಮಾಣಪತ್ರ. ಅವರು ಬಣ್ಣ ಬಳಿಯುವಾಗ ಏಣಿ ಹಿಡಿದಿದ್ದ ಮಿಸ್ಸಿಗೆ ಬ್ರಷ್ಷು ತೊಳೆಯುವ ಕೆಲಸ.

ಇದು ನಮ್ಮ ಸರ್ಕಾರವೊಂದರ ಬುದ್ಧಿ ಎಂದುಕೊಳ್ಳಬೇಡಿ. ಪಾವಗಡದ ಗಡಿಯಾಚೆ ಆಂಧ್ರದಲ್ಲಿ ವರ್ಷಗಟ್ಟಲೆ ವಿದ್ಯಾ ವಾಲಂಟೀರುಗಳೆಂದು ನೇಮಿಸಿಕೊಂಡು ಇದೇ ರೀತಿ ಶಾಲೆ ನಡೆಸಿದರು. ನಿಜವಾದ ಆಫ್ರಿಕಾದಲ್ಲಿ ಸೆನೆಗಲ್ ಸರ್ಕಾರ 1995ರಲ್ಲಿ ಓದಿದ ಹುಡುಗ ಹುಡುಗಿಯರನ್ನು ಶಿಕ್ಷಣ ಸ್ವಯಂಸೇವಕರೆಂದು ಕರೆದು, ಚೂರುಪಾರು ತರಬೇತಿ ಕೊಟ್ಟು, ಕಾಯಂ ಮೇಷ್ಟರ ಸಂಬಳದ ಒಂದು ಪಾಲಿಗೆ ತರಗತಿಗೆ ನೂಕಿತು. ಅಂದರೆ ಆಫ್ರಿಕಾದಲ್ಲೂ ಬೆಂಗಳೂರಿನವರಿಗಾಗಿ ಕೆಲಸ ಖಾಲಿ ಬಿದ್ದಿಲ್ಲ. ಅಲ್ಲಿನ ಮಿಸ್ಸುಗಳಿಗೂ ಏಣಿ ಹಿಡಿದು ಸಾಕಾಗಿದೆ.

ಆದ್ದರಿಂದ ಆಫ್ರಿಕಾಕ್ಕೇ ಹೋಗುತ್ತೇನೆನ್ನುವವರು ಹೋಗಿಬನ್ನಿ. ಕೊರಟಗೆರೆಗೇ ಬರುತ್ತೇನೆನ್ನುವವರು ಏಪ್ರಿಲ್ ಕಳೆಯುವುದರೊಳಗೆ ಬನ್ನಿ. ಆಗ ಶಾಲೆಗೂ ರಜೆ, ಮಿಸ್ಸಿನ ಸಂಬಳಕ್ಕೂ ರಜೆ. ಬಣ್ಣದ ಡಬ್ಬ ತರಬೇಡಿ. ಎರಡು ತಿಂಗಳದ್ದು 24,000 ರೂಪಾಯಿ ಆಗುತ್ತದೆ, ಅದನ್ನು ತನ್ನಿ.