ಪುಂಗಿ ಬಂದ್!

ಜೈಸಲ್ಮೇರಿನಿಂದ ಸುಮಾರು 40 ಕಿ.ಮೀ. ಆಚೆ, ಸಮ್ ಮರಳುದಿಬ್ಬಗಳ ಪಕ್ಕದ ಒಂದು ಟೆಂಟ್ ರೆಸಾರ್ಟ್. ಒಂಟೆ ಸವಾರಿ ಮುಗಿದಿದೆ, ಊಟಕ್ಕೆ ಇನ್ನೂ ಹೊತ್ತಿದೆ. ನಡುವಿನ ಬಿಡುವಿಗೆ ‘ಸಾಂಸ್ಕೃತಿಕ ಸಂಜೆ’ ಎಂದು ಹೆಸರು. ಹಾವಾಡಿಗ ಸಮುದಾಯದ ಕಾಲ್ಬೇಲಿಯಾ ತಂಡದ ಪುಂಗಿ ಸ್ಪೀಕರಿಗೆ ಒರಗಿ ಕೂತಿತ್ತು. ಸೋರೆಬುರುಡೆಯ ಹೊಟ್ಟೆ, ಕೆಳಗೆ ಎರಡು ಕೊಳವೆ, ಬೆಸುಗೆಗೆ ಮೆತ್ತಿದ ಕಪ್ಪು ಮೇಣ. ಅದನ್ನೇ ಮಾತಿಗೆಳೆದೆ.

ಪ್ರೋಗ್ರಾಂ ಶುರುವಾಗಿದೆ, ನೀವಿಲ್ಲಿ?

ನನ್ನ ಸರದಿ ಫೋಟೋ ಹೊತ್ತಿಗೆ. ಸಂಗೀತ ಪೆನ್‌ಡ್ರೈವ್ ನೋಡ್ಕೊಳ್ಳುತ್ತೆ. ನನ್ನನ್ನು ಊದುವವನು ಮೂಗಲ್ಲಿ ಉಸಿರೆಳೆಯುತ್ತಲೇ ಕೆನ್ನೆಯ ಗಾಳಿ ಬಿಡ್ತಾ ಇರಬೇಕು, ಇಲ್ಲದಿದ್ದರೆ ಸ್ವರ ಕಡಿದುಹೋಗುತ್ತೆ. ಪೆನ್‌ಡ್ರೈವ್‌ಗೆ ಕೆಮ್ಮು ಬರಲ್ಲ, ಊಟಾನೂ ಹಾಕಬೇಕಿಲ್ಲ.

ಹಾವೆಲ್ಲಿ?

1972ರಲ್ಲಿ ವನ್ಯಜೀವಿ ಕಾಯ್ದೆ ಬಂತಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನಮ್ಮ ಬುಟ್ಟಿ ಮಾತ್ರ ಖಾಲಿಯಾಯ್ತು. ಕಾಯ್ದೆ ತಪ್ಪು ಅನ್ನಲ್ಲ. ಹಲ್ಲು ಕೀಳಿಸಿಕೊಂಡ ಹಾವನ್ನೇ ಕೇಳಿ. ಆದರೆ ಹಾವಿನ ಯೋಚನೆ ಮಾಡಿದವರು ಹಾವಾಡಿಗನ ಯೋಚನೆ ಮಾಡಲಿಲ್ಲ. ಗಂಡಸರು ಕೂಲಿಗೆ ಹೋದರು. ಹೋಳಿಗೆ, ಮದುವೆಗೆ ತಮ್ಮವರ ನಡುವೆ ಕುಣಿಯುತ್ತಿದ್ದ ಹೆಂಗಸರು ವೇದಿಕೆ ಹತ್ತಿದರು. ಹಾವಿನ ಹುದ್ದೆಗೆ ಅವರನ್ನು ವರ್ಗ ಮಾಡಿದರು ಅನ್ನಿ. ಬಡ್ತಿ ಇಲ್ಲದ ವರ್ಗ.

(ಆಚೆ ಕುಣಿಯುತ್ತಿದ್ದಾಕೆ ಬೆನ್ನು ಹಿಂದಕ್ಕೆ ಬಗ್ಗಿಸಿ, ನೆಲದ ಮೇಲಿದ್ದ ಉಂಗುರವನ್ನು ಕಣ್ಣರೆಪ್ಪೆಯಿಂದ ಎತ್ತಿದಳು. ಮುಂದಿನ ಸಾಲಿನವರೊಬ್ಬರು ಕೂಗಿದರು: ‘ಇನ್ನೊಂದ್ಸಲ ಎತ್ತಮ್ಮ, ವಿಡಿಯೋ ಆನ್ ಆಗಿರ್ಲಿಲ್ಲ!’)

ಕರಪತ್ರದಲ್ಲಿ ‘ಸಾವಿರಾರು ವರ್ಷಗಳ ನೃತ್ಯ’ ಅಂತಿದೆಯಲ್ಲ?

ಕುಣಿತ ಹಳೆಯದು, ಆದರೆ ಟಿಕೆಟ್ ಕೊಟ್ಟು ನೋಡುವ ಈ ರೂಪ ಹೆಚ್ಚುಕಡಿಮೆ 80ರ ದಶಕದಿಂದೀಚಿನದು. ನಮ್ಮ ನರ್ತಕಿ ಗುಲಾಬೋ ಸಪೇರಾ ಹೆಸರು ಕೇಳಿರಬೇಕು. ಹುಟ್ಟಿದ್ದು ಹೆಣ್ಣೆಂದು ತಮ್ಮನ್ನು ಅಂದೇ ಮಣ್ಣಲ್ಲಿ ಹೂತಿದ್ದರು ಅಂತ ಆಕೆಯೇ ಹೇಳ್ತಾರೆ. 2016ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮೊದಲು, 2010ರಲ್ಲೇ, ಯುನೆಸ್ಕೊ ನಮ್ಮನ್ನು ‘ಅಮೂರ್ತ ಪರಂಪರೆ’ಯ ಪಟ್ಟಿಗೆ ಸೇರಿಸಿತು. ಸಂಭಾವನೆಯೂ ಅಮೂರ್ತವೇ, ಕಣ್ಣಿಗೆ ಕಾಣಿಸಲ್ಲ.

ಪ್ರವಾಸಿಗರು ನಿಮ್ಮಿಂದ ಏನು ಕೇಳ್ತಾರೆ?

‘ನಾಗಿನ್’ ಧುನ್. ಇನ್ನೇನು? 1954ರ ಆ ಸಿನಿಮಾದ ಹಾಡಲ್ಲಿ ನಾನು ಇರಲೇ ಇಲ್ಲ ಸ್ವಾಮಿ! ಕಲ್ಯಾಣ್‌ಜಿ ಅವರು ಕ್ಲಾವಿಯೋಲಿನ್ ಅನ್ನೋ ಕರೆಂಟಿನ ಕೀಬೋರ್ಡಲ್ಲಿ, ರವಿ ಅವರು ಹಾರ್ಮೋನಿಯಂನಲ್ಲಿ ನನ್ನ ದನಿ ಹೊರಡಿಸಿದರು. ಈಗ ನಾನು ಅದನ್ನು ನೋಡಿ ಕಲೀಬೇಕು. ಊದಿದರೆ, ‘ಚೆನ್ನಾಗಿದೆ, ಆದ್ರೆ ಒರಿಜಿನಲ್ ಥರ ಇಲ್ಲ’ ಅಂತಾರೆ.

ಹಾವಿನ ನೆನಪಾಗುತ್ತದೆಯೆ?

ಅದೇನೂ ನನ್ನ ರಾಗಕ್ಕೆ ಮರುಳಾಗಿದ್ದಲ್ಲ. ನಾನು ತೂಗಿದ ಕಡೆ ತಲೆ ತೂಗುತ್ತಿತ್ತು ಅಷ್ಟೆ. ಆದರೆ ಆಟ ಮುಗಿಯುವ ತನಕ ಕಣ್ಣು ಕೀಳುತ್ತಿರಲಿಲ್ಲ. ಇವರು ದಾಲ್-ಬಾಟಿ ರೆಡಿ ಅಂದ ತಕ್ಷಣ ಎದ್ದುಬಿಡ್ತಾರೆ.

ಅಷ್ಟರಲ್ಲಿ ಮ್ಯಾನೇಜರ್ ಬಂದು ಪುಂಗಿಯನ್ನೆತ್ತಿ, ಬಾಡಿಗೆ ಪೇಟ ಸುತ್ತಿಕೊಂಡಿದ್ದ ಅತಿಥಿಯ ಕೈಗಿತ್ತ. ಅವರು ಕೆನ್ನೆಯುಬ್ಬಿಸಿ ಕೊಳವೆಯ ತುದಿಗೆ ಬಾಯಿಟ್ಟರು.

‘ಸಾರ್, ಉಲ್ಟಾ ಹಿಡಿದಿದ್ದೀರಿ’ ಎಂದೆ.

‘ಪರವಾಗಿಲ್ಲ ಬಿಡಿ, ಫೋಟೋದಲ್ಲಿ ಗೊತ್ತಾಗಲ್ಲ.’