ಮಿಸ್ಟರ್ ಮೇಲುಕೋಟೆ

ರಿಟೈರಾದ ಮೇಲೆ ಇಥಿಯೋಪಿಯಾಕ್ಕೆ ಗಣಿತ ಪಾಠ ಹೇಳಲು ಹೊರಟಾಗ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಈ ವಯಸ್ಸಿನಲ್ಲಿ ಇದೆಲ್ಲ ಬೇಕೆ? ಮೇಲುಕೋಟೆಯವನು ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾಮಾನುಜಾಚಾರ್ಯರು ಹುಟ್ಟಿದ್ದು 1017ರಲ್ಲಿ ಎಂಬುದು ಸಂಪ್ರದಾಯದ ಲೆಕ್ಕ. ಆ ಲೆಕ್ಕದಂತೆ, ಚೋಳರಾಜನ ಕಾಟಕ್ಕೆ ಶ್ರೀರಂಗ ಬಿಟ್ಟು ನಮ್ಮ ಬೆಟ್ಟ ಹತ್ತುವಾಗ ಅವರಿಗೆ ಎಂಬತ್ತರ ಆಸುಪಾಸು. ಪರಸ್ಥಳ, ಪರಭಾಷೆ, ಕೈಯಲ್ಲಿ ಕಾಂಟ್ರಾಕ್ಟೂ ಇಲ್ಲ. ಹನ್ನೆರಡು ವರ್ಷ ಪಾಠ ಹೇಳಿದರು. ನಾನು ಅರವತ್ತು ದಾಟಿದ ಎಳೆಯ. ಮೇಲಾಗಿ ಇಥಿಯೋಪಿಯಾದ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ವಿಮಾನ ಇಳಿದದ್ದೇ ತಡ, ನಾನು ಮತ್ತೆ ಸರ್ವೀಸಿನಲ್ಲಿದ್ದೆ!

ಇನ್ನು ಬಹರ್ ದಾರ್ ಪಟ್ಟಣದಲ್ಲಿ ನನ್ನ ದಿನಚರಿ ಹೇಗೆಂದು ಕೇಳುವವರಿಗೆ ನಮ್ಮೂರ ವೈರಮುಡಿ ಉತ್ಸವದ ದಿನದ್ದನ್ನೇ ಹೇಳುತ್ತೇನೆ.

ಇಲ್ಲಿಯವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು. ನಮ್ಮ ಅಜ್ಜ ಉದಯದಿಂದ ಘಳಿಗೆ ಎಣಿಸಿದವರು. ಅವರಾಗಿದ್ದರೆ ಬಂದ ದಿನವೇ ಹೊಂದಿಕೊಂಡುಬಿಡುತ್ತಿದ್ದರು. ನನ್ನ ಕಷ್ಟ ಬೇರೆ. ವಿಭಾಗದ ಮುಖ್ಯಸ್ಥರು 'ಮೂರು ಗಂಟೆಗೆ ಮೀಟಿಂಗ್' ಎಂದರೆ ಅದು ಅವರ ಮೂರೋ, ಅಂದರೆ ಬೆಳಿಗ್ಗೆ ಒಂಬತ್ತೋ, ಅಥವಾ ವಿದೇಶಿ ಮೇಷ್ಟ್ರುಗಳ ಮೇಲೆ ಕರುಣೆಯಿಟ್ಟು ಹೇಳಿದ ನಮ್ಮ ಮೂರೋ? ಕೇಳಿದರೆ 'ಹೌದು' ಎನ್ನುತ್ತಾರೆ. ಹಾಗಾಗಿ ಒಂದೇ ಮೀಟಿಂಗಿಗೆ ಎರಡು ಸಲ ಹೋಗುವುದು ನನ್ನ ಪದ್ಧತಿ. ಅವತ್ತೂ ಅಂಥದೊಂದು ಮೀಟಿಂಗ್; ಜೊತೆಗೆ ಒಂಬತ್ತಕ್ಕೆ ಕ್ಲಾಸೂ ಇತ್ತು, ಒಂದೇ ಹೊತ್ತಿಗೆ ಎರಡು ಕಡೆ ಹಾಜರಿ. ರಾಮಾನುಜರು ಮೇಲುಕೋಟೆ ಬಿಡುವಾಗ ಶಿಷ್ಯರ ಅಳು ನೋಡಲಾರದೆ ತಮ್ಮದೊಂದು ವಿಗ್ರಹವನ್ನು ಬಿಟ್ಟುಹೋದರು. ಇವತ್ತಿಗೂ ಹಾಜರಿಗೆ ಅದು ಸಾಕು. ನಮ್ಮ ಕಾಲೇಜಿನ ಬೆರಳಚ್ಚು ಯಂತ್ರ ಅಷ್ಟು ಉದಾರಿಯಲ್ಲ. ಯಂತ್ರಕ್ಕೆ ಬೆರಳು ಕೊಟ್ಟು, ಮೀಟಿಂಗ್ ಕೋಣೆಗೆ ತಲೆ ತೋರಿಸಿ (ಒಂದು ನರಪಿಳ್ಳೆ ಇಲ್ಲ), ಕ್ಲಾಸಿಗೆ ಓಡಿದೆ.

'ಮಾರ್ನಿಂಗ್, ಡಾಕ್ಟರ್ ಮೇಲುಕೋಟೆ!' ಎಂದು ಕ್ಲಾಸು ಎದ್ದು ನಿಂತಿತು. ಇದಕ್ಕೊಂದು ವಿವರಣೆ ಬೇಕು. ಇವರಲ್ಲಿ ಮೊದಲು ಬರುವುದು ಸ್ವಂತ ಹೆಸರು, ಆಮೇಲಿನದು ಅಪ್ಪನದು. ಮನೆತನದ ಹೆಸರಿನ ರಗಳೆಯೇ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲೋ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಜಾಗ ಉಳಿದಿದ್ದರಿಂದ ನಾನು. ಹೀಗಾಗಿ ಸ್ಟಾಫ್ ರೂಮಿನಲ್ಲಿ 'ಮೇಲುಕೋಟೆಯ ಪೇಪರು ಬಲು ಕಷ್ಟ', 'ಮೇಲುಕೋಟೆಗೆ ನೆಗಡಿಯಂತೆ' ಎಂಬ ಮಾತು ಕಿವಿಗೆ ಬೀಳುತ್ತಿರುತ್ತದೆ. ತಿದ್ದಲು ಹೋಗಿಲ್ಲ. ನಮ್ಮೂರ ಕವಿ ಪುತಿನ ಇಲ್ಲಿಗೆ ಬಂದಿದ್ದರೆ ಮಿಸ್ಟರ್ ಪುರೋಹಿತ ಆಗಿರುತ್ತಿದ್ದರು; ಅದಕ್ಕಿಂತ ನನ್ನದೇ ವಾಸಿ.

ಹಿಂದಿನ ದಿನ ಅಂಕಪಟ್ಟಿ ಅಂಟಿಸಿದ್ದೆ. ಕ್ಲಾಸು ಮುಗಿಸಿ ಬಂದರೆ ಕೋಣೆಯ ಮುಂದೆ ಜಾತ್ರೆ. ಒಬ್ಬನಿಗೆ ಎರಡು ಅಂಕ ಬೇಕು, ಒಬ್ಬಳಿಗೆ ಯಾಕೆ ಕೊಡಲಿಲ್ಲ ಎಂಬ ಕಾರಣ ಬೇಕು, ಇನ್ನೊಬ್ಬ ಏನೂ ಕೇಳದೆ ಬರೀ ನಿಟ್ಟುಸಿರು ಬಿಡುತ್ತಾನೆ. ಇಂಥ ಹೊತ್ತಿನಲ್ಲಿ ನನಗೆ ತೊಣ್ಣೂರು ನೆನಪಾಗುತ್ತದೆ. ಅಲ್ಲಿ ಸಾವಿರ ಜನ ಪಂಡಿತರು ಒಟ್ಟಿಗೇ ವಾದಕ್ಕೆ ನಿಂತಾಗ ರಾಮಾನುಜರು ತೆರೆ ಕಟ್ಟಿಸಿಕೊಂಡು, ಹಿಂದೆ ಕೂತು, ಆದಿಶೇಷನಾಗಿ ಸಾವಿರ ಬಾಯಿಂದ ಉತ್ತರ ಕೊಟ್ಟರಂತೆ. ಬಾಯಿ ನನಗೆ ಒಂದೇ ಸಾಕು. ಆ ತೆರೆ ಸಿಕ್ಕಿದ್ದರೆ ಹಿಂದಿನ ಕಿಟಕಿಯಿಂದ ಇಳಿದುಬಿಡುತ್ತಿದ್ದೆ.

ಊಟದ್ದು ಮಾತ್ರ ಚಿಂತೆಯಿಲ್ಲ. ಈಸ್ಟರಿಗೆ ಮುಂಚೆ ಇಲ್ಲಿ 55 ದಿನದ ಉಪವಾಸ, ನಮ್ಮ ವೈರಮುಡಿಯೂ ಅದೇ ಆಜುಬಾಜಿನಲ್ಲಿ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಒಂದೂ ಇಲ್ಲ. ಆ ವ್ರತದ ನೆರಳಿನಲ್ಲಿ ಒಬ್ಬ ಅಯ್ಯಂಗಾರಿಯೂ ಕ್ಯಾಂಟೀನಿನಲ್ಲಿ ತಲೆಯೆತ್ತಿ ಉಣ್ಣುತ್ತಾನೆ. ಈರುಳ್ಳಿ ಬೆಳ್ಳುಳ್ಳಿಯ ವಿಷಯ ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇಂಜೆರಾ ಎಂಬ ಇಲ್ಲಿಯ ದೋಸೆಯ ಪಕ್ಕಕ್ಕೆ ಊರಿನ ಪುಳಿಯೋಗರೆ ಗೊಜ್ಜು ಒಂದಿಷ್ಟು ಸವರಿಕೊಂಡರೆ ಅದು ಯಾವ ದೇಶದ ಊಟವೆಂದು ಯಾರೂ ಹೇಳಲಾರರು.

ಮಧ್ಯಾಹ್ನ ಮೂರಕ್ಕೆ ಮೀಟಿಂಗಿಗೆ ಮತ್ತೆ ಹೋದೆ. ಮುಂದೂಡಲಾಗಿತ್ತು.

ಸಂಜೆ ಕಾಫಿ. ಡಿಕಾಕ್ಷನ್ನಿಗೆ ನೀರು ಸುರಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮುಗಿಯುವ ಕಾಫಿಯಲ್ಲ ಇದು. ಬಾಬಾ ಬುಡನ್ ಯೆಮನ್‌ನಿಂದ ಚಿಕ್ಕಮಗಳೂರಿಗೆ ಬೀಜವನ್ನಷ್ಟೇ ತಂದರು. ಗಿಡದ ತವರಿನ ಈ ನಿಧಾನವನ್ನು ತರಲಿಲ್ಲ. ನೆಲಕ್ಕೆ ಹಸಿ ಹುಲ್ಲು ಹಾಸಿ, ಕೆಂಡಕ್ಕೆ ಧೂಪ ಹಾಕಿ, ಅಂಗಡಿಯಾಕೆ ಹಸಿರು ಬೀಜವನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನು ಎಲ್ಲರ ಮೂಗಿನ ಮುಂದೆಯೂ ಹಿಡಿಯುತ್ತಾಳೆ, ಥೇಟ್ ಮಂಗಳಾರತಿ. ಆಮೇಲೆ ಕುಟ್ಟಬೇಕು, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಬೇಕು. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಮೂರು ಸುತ್ತು: ಅಬೋಲ್, ತೋನಾ, ಬೆರೆಕಾ. ಮೂರನೆಯದು ಆಶೀರ್ವಾದದ್ದು, ಅದಕ್ಕೆ ಮುಂಚೆ ಏಳುವುದು ಮರ್ಯಾದೆಯಲ್ಲ. 'ಅರ್ಜೆಂಟಿದೆ' ಎಂದರೆ ಆಕೆ ನಗುತ್ತಾಳೆ, ಬಾಣಲೆಗೆ ಇನ್ನೊಂದು ಹಿಡಿ ಬೀಜ ಹಾಕುತ್ತಾಳೆ.

ಎರಡನೆಯ ಸುತ್ತಿಗೆ ಊರಿನಿಂದ ವಿಡಿಯೋ ಕಾಲ್ ಬಂತು. ಅಲ್ಲಿ ರಾತ್ರಿ ಎಂಟೂವರೆ, ನನ್ನ ಗಡಿಯಾರದಲ್ಲಿ ಸಂಜೆ ಆರು, ಕಾಫಿಯಾಕೆಯ ಲೆಕ್ಕದಲ್ಲಿ ಹನ್ನೆರಡು. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬಂದ ಕಿರೀಟ ಮುಡಿಗೇರಿತ್ತು. ಗರುಡವಾಹನದ ಮೇಲೆ ಚೆಲುವನಾರಾಯಣ, ಸುತ್ತ ಸೂಜಿ ಹಾಕಲು ಜಾಗವಿಲ್ಲದ ಜನ. ತಮ್ಮನ ಕೈ ಅಲ್ಲಾಡಿ ಅರ್ಧ ಹೊತ್ತು ಕಂಡದ್ದು ಯಾರದೋ ಬೋಳುತಲೆ, ಆದರೂ ಕೈಮುಗಿದೆ. ಆಕೆ ಬಾಗಿ ನೋಡಿದಳು. ಯಾವ ಊರು ಎಂದು ಕೇಳಿದಳು. ಪಕ್ಕದಲ್ಲಿದ್ದ ನನ್ನ ವಿದ್ಯಾರ್ಥಿ 'ಮೇಲುಕೋಟೆ' ಎಂದ.

ಆಕೆ ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು. ಹುಡುಗನ ಹತ್ತಿರ ಅಮ್ಹಾರಿಕ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. 'ಸರ್,' ಎಂದ ಅವನು, 'ಊರಿಗೇ ನಿಮ್ಮ ಹೆಸರಿಟ್ಟು ಅಷ್ಟು ಜನ ಕಾಯುತ್ತಿರುವಾಗ ನೀವು ಇಲ್ಲಿ ಯಾಕೆ ಕೂತಿದ್ದೀರಿ ಅಂತ ಕೇಳ್ತಿದ್ದಾಳೆ.'

'ಅಲ್ಲಿ ಸಂಬಳ ಸಾಲದು ಅಂತ ಹೇಳಪ್ಪ,' ಎಂದೆ.

ಅವತ್ತಿನ ಕಾಫಿಗೆ ಆಕೆ ದುಡ್ಡು ಮುಟ್ಟಲಿಲ್ಲ.