ಏಳಡಿ ತೋಳಿನ ವರ

ಡಲ್ಲಾಸ್‌ನ ಮಗನ ಮನೆಯಲ್ಲಿ ಅವನ ಗೆಳೆಯರ ನಡುವೆ ಸಿಕ್ಕಿಬಿದ್ದಿದ್ದೆ. ‘ಹುಡುಗನಿಗೆ ಇನ್ನೂ 18. ಎತ್ತರ ಆರೂಮುಕ್ಕಾಲು ಅಡಿ, ತೋಳು ಚಾಚಿದರೆ ಏಳಡಿ!’ ಎಂದರು. ‘ಗೋತ್ರ ಯಾವುದು?’ ಅಂದೆ. ಮಗ ತಲೆ ಚಚ್ಚಿಕೊಂಡ. ಹುಡುಗ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೂಪರ್ ಫ್ಲ್ಯಾಗ್ ಅಂತೆ. ನೂರಕ್ಕೆ 1.8ರಷ್ಟೇ ಅವಕಾಶವಿದ್ದರೂ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2025ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಲಾಟರಿಯಲ್ಲಿ ಡಲ್ಲಾಸ್ ತಂಡಕ್ಕೇ ಒಲಿದಿತ್ತು. ಬೀಗರು ಹಿಗ್ಗದೆ ಇರುತ್ತಾರೆಯೇ?

ಇಲ್ಲಿ ಬುಟ್ಟಿಗೆ ಚೆಂಡು ಹಾಕುವವರಿಗೆ ಕಾಲೇಜಿನ ಫೀಸು, ಊಟ, ವಸತಿ ಎಲ್ಲಕ್ಕೂ ಸ್ಕಾಲರ್‌ಶಿಪ್ಪಂತೆ. ನಾನೋ, ವರ್ಷಕ್ಕೆ ಮುನ್ನೂರು ರೂಪಾಯಿಯ ಸ್ಕಾಲರ್‌ಶಿಪ್ಪಿಗಾಗಿ ಆದಾಯ ಪತ್ರ ಹಿಡಿದು ಚಪ್ಪಲಿ ಸವೆಸಿದವನು. ಹೊಸ ಚಪ್ಪಲಿಗೇ ನಾನೂರಾಯಿತು.

ರಾತ್ರಿ ಗುಟ್ಟಾಗಿ ಹೆಂಡತಿಯ ಟೇಪಿನಲ್ಲಿ ನನ್ನ ತೋಳು ಅಳೆದೆ. ಐದಡಿ ಮೂರಿಂಚು. ಅದರಲ್ಲೂ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ.